ಕಾರಿನ ಬೆನ್ನ ಮೇಲೆ ನೀರು

ನಮ್ಮತ್ತೆಗೆ ಒಂದು ಅಭ್ಯಾಸವಿದೆ. ಮನೆಗೆ ಹೊಸದಾಗಿ ಏನೇ ಬರಲಿ, ಮೊದಲು ಅದರ ಬೆನ್ನು ಮುಟ್ಟಿ ನೋಡುತ್ತಾರೆ. ಮಿಕ್ಸಿ ತಂದಾಗ ಅದರ ಬೆನ್ನು ಯಾವ ಕಡೆಗಿದೆ ಎಂದು ಸ್ವಲ್ಪ ಹೊತ್ತು ಹುಡುಕಿದರು. ಫ್ರಿಜ್ಜು ತಂದಾಗ ಅದರ ಹಿಂದೆ ಕೈ ತೂರಿಸಿ, ಬಿಸಿ ತಾಗಿದ ಕೂಡಲೇ “ಇದಕ್ಕೆ ಜ್ವರ ಬಂದೈತೆ, ವಾಪಸ್ ಕೊಡ್ರಿ” ಎಂದು ತೀರ್ಪು ಕೊಟ್ಟರು. ಮಿಕ್ಸಿ, ಫ್ರಿಜ್ಜುಗಳ ಮಾತು ಬಿಡಿ. ಹೆಣ್ಣು ನೋಡಲೆಂದು ಹೊಳಲ್ಕೆರೆಯ ನಮ್ಮ ಮನೆಗೆ ಬಂದ ದಿನ, ನಾನು ನಮಸ್ಕಾರ ಮಾಡಲು ಬಗ್ಗಿದೆನೋ ಇಲ್ಲವೋ, ಸೊಂಟದ ಮೇಲೆ ಬೆನ್ನುಮೂಳೆಯ ಆಚೆಗೊಂದು ಈಚೆಗೊಂದು ಬೆರಳು ಒತ್ತಿ ನೋಡಿ, “ಹುಡುಗಿ ಬೆನ್ನು ಗಟ್ಟಿ ಐತೆ” ಎಂದು ತಮ್ಮ ಗಂಡನಿಗೆ ಹೇಳಿದರು. ಹಾಡು ಬರುತ್ತಾ ಅಂತ ಕೇಳಬಹುದೆಂದು ನನ್ನ ಚಿಕ್ಕಮ್ಮ ಹಾರ್ಮೋನಿಯಂ ತರಿಸಿಟ್ಟಿದ್ದರು. ಅದರ ಮುಚ್ಚಳ ತೆಗೆಯುವ ಪ್ರಸಂಗವೇ ಬರಲಿಲ್ಲ. ನನ್ನ ಬಿ.ಎಸ್ಸಿ. ಪದವಿಯನ್ನೂ ಯಾರೂ ಕೇಳಲಿಲ್ಲ.

ತಪ್ಪು ತಿಳಿಯಬೇಡಿ. ಧರ್ಮಪುರದ ಕಡೆಯ ಕುರಿ ಸಾಕುವ ಮನೆತನದವರು ಅವರು. ಕುರಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಆಮೇಲೆ ಬೆನ್ನು ಹಿಡಿದು ನೋಡುತ್ತಾರೆ. ಬೆನ್ನಿನಲ್ಲಿ ಮಾಂಸ ಕೈಗೆ ಸಿಕ್ಕಿದರೆ ಕುರಿ ಬಾಳುತ್ತದೆ ಎಂದರ್ಥ. ನನ್ನ ಹಲ್ಲು ನೋಡದೆ ಬಿಟ್ಟರಲ್ಲ ಎಂದು ನಾನು ಇಂದಿಗೂ ಸಮಾಧಾನಪಟ್ಟುಕೊಳ್ಳುತ್ತೇನೆ.

ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ನಮ್ಮ ಕಾಂಪೌಂಡಿನಲ್ಲಿ ನಿಂತಿರುವ ಹೊಸ ಕಾರು. ಬಿಳಿಯ ಬಣ್ಣದ್ದು. ಅದರ ಬಾನೆಟ್ಟಿನ ಮೇಲೆ ಅರಿಶಿನದ ಒಂದು ಗೆರೆ ಉಳಿದುಕೊಂಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂದು ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸುವವಳೇ ನಾನು. ಆದರೂ ಅವಸರದಲ್ಲಿ ಸೋಪಿನ ನೀರು ಹಾಕಿ ಉಜ್ಜಿದೆ. ಗೆರೆ ಕೆಂಪಾಯಿತು. ಹಾಲು ಹಾಕುವ ಹೆಂಗಸು ಗೇಟಿನಲ್ಲೇ ನಿಂತು, “ಯಾರಿಗಾದ್ರೂ ಗುದ್ದಿದ್ರೇನ್ರಿ ಟೀಚರೇ?” ಎಂದು ಕೇಳಿದಳು. ಇಲ್ಲಮ್ಮ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಇವರ ವಿಷಯ ಹೇಳದೆ ಕಾರಿನ ವಿಷಯ ಹೇಳಲಾಗುವುದಿಲ್ಲ. ಇವರು ಎಂದರೆ ನಮ್ಮ ಯಜಮಾನರು, ತಿಪ್ಪೇಸ್ವಾಮಿ. ಹೊಸದುರ್ಗದಲ್ಲಿ ಪಂಪ್‌ಸೆಟ್ ಮೋಟರು ಮಾರುವ, ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿ ಇವರದು. ವಾರಂಟಿ ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪು, ಹುಳಿಯಷ್ಟೇ ಬಳಕೆಯ ಮಾತು. ತೆಂಗಿನ ತೋಟದವರು ಸುಟ್ಟ ಮೋಟರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು, “ವಾರಂಟಿ ಐತಲ್ಲಣ್ಣ?” ಎಂದರೆ, ಇವರು ಮೂಸಿ ನೋಡಿ, “ಕಾಯಿಲ್ ಸುಟ್ರೆ ವಾರಂಟಿ ಬರಲ್ಲಪ್ಪ” ಎನ್ನುತ್ತಿದ್ದರು. ಕೇಳಿದವರು ಬೈದುಕೊಂಡು ಹೋಗುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದ ದಿನ, ಹೊರಗೆ ಬೆಂಚಿನ ಮೇಲೆ ಕೂತು ಇವರು ನನಗೆ ಹೇಳಿದ್ದು ಇಷ್ಟೇ: “ಕಾಯಿಲ್ ಸುಟ್ಟೈತಂತೆ ಕಣೇ. ವಾರಂಟಿ ಬರಲ್ಲ.” ಹೇಳಿ ನಕ್ಕರು. ನನಗೆ ಅವರ ಮೇಲೆ ಸಿಟ್ಟು ಬಂತು, ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಡಯಾಲಿಸಿಸ್‌ಗೆ ನಮ್ಮೂರಿನಲ್ಲಿ ಸರದಿ ಸಿಗಲಿಲ್ಲ, ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಸಿಕ್ಕಿತು. ವಾರಕ್ಕೆರಡು ಸಲ, ಬೆಳಗಿನ ಮೊದಲ ಪಾಳಿ. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗಬಹುದು, ಬರುವಾಗ ಮನುಷ್ಯ ಹಿಂಡಿದ ಬಟ್ಟೆಯ ಹಾಗಿರುತ್ತಾನೆ. ಹೀಗಾಗಿ ಕಾರು ನಮಗೆ ಶೋಕಿಯಲ್ಲ, ಅದೂ ಆಸ್ಪತ್ರೆಯ ಒಂದು ಮಿಷನ್ನೇ. ನಾನು ಡ್ರೈವಿಂಗ್ ಕಲಿತದ್ದೂ ಆಗಲೇ. ಪಕ್ಕದ ಸೀಟಿನಲ್ಲಿ ಇವರು, ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಅತ್ತೆ. ಅತ್ತೆ ತಾವಾಗಿ ಒಂದು ದಿನವೂ ತಪ್ಪಿಸಿದವರಲ್ಲ. ಆಸ್ಪತ್ರೆಯ ಒಳಗೆ ಅವರನ್ನು ಬಿಡುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾರೆ.

ನಮ್ಮ ಹಳೆಯ ಕಾರಿಗೂ ವಯಸ್ಸಾಗಿತ್ತು. ವಾರಂಟಿ ಮುಗಿದು ಯಾವ ಕಾಲವಾಗಿತ್ತೋ. ಚಳಿಗಾಲ ಶುರುವಾದಾಗ ಒಂದು ಬೆಳಿಗ್ಗೆ, ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮಂಜು ಕವಿದಿತ್ತು, ಕಾರು ನಿಂತುಬಿಟ್ಟಿತು. ಅಂದು ಅತ್ತೆಗೆ ಜ್ವರವೆಂದು ನಾನೇ ಗದರಿಸಿ ಮನೆಯಲ್ಲಿ ಬಿಟ್ಟು ಬಂದಿದ್ದೆ. ಕಾರು ಕೆಮ್ಮಲಿಲ್ಲ, ಎಗರಲಿಲ್ಲ, ಸುಮ್ಮನೆ ನಿಂತಿತು. ಸ್ಟಾರ್ಟರ್ ಇಲ್ಲ, ಹಾರನ್ ಇಲ್ಲ, ದೀಪವಿಲ್ಲ. ಫೋನು ಮಾಡೋಣವೆಂದು ಕೈಗೆ ತೆಗೆದುಕೊಂಡಾಗ ಮುಂದಿನಿಂದ ಕುರಿ ಬಂದವು. ಒಂದು ಹಿಂಡು. ಮಂಜಿನಿಂದ ಹೊರಗೆ ಬಂದು ಕಾರಿನ ಎರಡೂ ಬದಿಗೆ ಒಡೆದುಕೊಂಡು, ಬಾಗಿಲಿಗೆ ಮೈ ಸವರಿಕೊಂಡು ಹಿಂದಕ್ಕೆ ಹೋಗತೊಡಗಿದವು. ಉಣ್ಣೆ ಲೋಹಕ್ಕೆ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದೂ ಬ್ಯಾ ಎನ್ನಲಿಲ್ಲ. ಎಷ್ಟು ಹೊತ್ತು ಕಾದರೂ ಅವುಗಳ ಹಿಂದೆ ಕುರಿಗಾಹಿ ಬರಲಿಲ್ಲ. ಇವರು ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಮೇಲೆ ಇವರು ತಾವಾಗಿ ನನ್ನ ಕೈ ಹಿಡಿದದ್ದು ಅಪರೂಪ, ಅದಕ್ಕೇ ನನಗೆ ಹೆದರಿಕೆಯಾಯಿತು.

ಕೊನೆಗೆ ತರಕಾರಿ ಟೆಂಪೋದವನೊಬ್ಬ ಹತ್ತಿಸಿಕೊಂಡು ಹೋದ. ನಾವು ತಲುಪುವ ಹೊತ್ತಿಗೆ ಇವರ ಮಿಷನ್ನಿಗೆ ಬೇರೆ ಯಾರನ್ನೋ ಹಾಕಿದ್ದರು. ಅರ್ಧಂಬರ್ಧ ಪಾಳಿ ಸಿಕ್ಕಿತು. ಮೈಯ ನೀರು ಇಳಿಯಲಿಲ್ಲ. ಆಮೇಲೆ ಮುಂದಿನ ಪಾಳಿಯವರೆಗೂ ಇವರು ಮಲಗಲಾಗದೆ ಕುರ್ಚಿಯಲ್ಲೇ ಕೂತು, ನೀರಿನೊಳಗಿನಿಂದ ಉಸಿರು ಎಳೆದುಕೊಳ್ಳುವವರ ಹಾಗೆ ಎಳೆದುಕೊಂಡರು. ಇನ್ನೊಂದು ಸಲ ಕಾರು ಹೀಗೆ ನಿಂತರೆ ಇವರು ಉಳಿಯುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಮಗನ ಉಸಿರಿನ ವಿಷಯ ಬಿಟ್ಟು ಬೇರೆಯದೇ ಕೇಳಿದರು.

“ಕುರಿ ಯಾವ ಕಡಿಂದ ಬಂದ್ವು?”

“ದುರ್ಗದ ಕಡೆಯಿಂದ ಅತ್ತೆ. ಜೋಗಿಮಟ್ಟಿ ಗುಡ್ಡ ಕಾಣುತ್ತಲ್ಲ, ಆ ಕಡೆಯಿಂದ.”

“ನಾಯಿ ಇತ್ತಾ?”

“ಇರಲಿಲ್ಲ.”

ನಾಯಿಯಿಲ್ಲದ ಹಿಂಡು ಯಾವುದು ಎಂದು ನಾನು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ವಿಜ್ಞಾನದ ಟೀಚರು ಕೇಳದಿರುವುದೇ ಲೇಸು.

ಮೆಕ್ಯಾನಿಕ್ಕು ಕಾರನ್ನು ಎಳೆಸಿಕೊಂಡು ಬಂದು ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. “ಏನೂ ಇಲ್ರಿ ಇದ್ರಾಗೆ” ಎಂದ. ಏನಾದರೂ ಇದ್ದಿದ್ದರೆ ರಿಪೇರಿ ಮಾಡಿಸಬಹುದಿತ್ತು. ಏನೂ ಇಲ್ಲದ್ದನ್ನು ರಿಪೇರಿ ಮಾಡುವುದು ಹೇಗೆ? ಬೇರೆ ಕಾರು ನೋಡುವುದೆಂದು ಅಂದೇ ತೀರ್ಮಾನವಾಯಿತು.

ನಮ್ಮೂರಿನಲ್ಲಿ ಹೆಣ್ಣು ಹುಡುಕುವುದು ಸುಲಭ, ಕಾರು ಹುಡುಕುವುದು ಕಷ್ಟ. ಏಕೆಂದರೆ ಪ್ರತಿಯೊಬ್ಬರಿಗೂ ಕಾರಿನ ವಿಷಯ ಗೊತ್ತು. ನಮ್ಮ ಹೆಡ್‌ಮಾಸ್ಟರು ಡೀಸೆಲ್ ತಗಳ್ರಿ ಎಂದರು. ಬೀಗರು ಡೀಸೆಲ್ ಬೇಡವೇ ಬೇಡ ಎಂದರು. ಎಳನೀರು ಮಾರುವವನು ಎಳನೀರು ಕೊಚ್ಚುತ್ತಲೇ, “ಕರೆಂಟಿಂದು ತಗಳ್ರಿ ಟೀಚರೇ, ಆದ್ರೆ ನಮ್ಮೂರಾಗೆ ಕರೆಂಟಿದ್ದಾಗ ಮಾತ್ರ ಊರಿಗೆ ಹೋಗ್ರಿ” ಎಂದ. ಇವರೆಲ್ಲರನ್ನೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ. ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಗ್ಯಾರಂಟಿ ಇರುವ ಗಾಡಿ ಯಾವುದು? ಎಲ್ಲರೂ ನಗುತ್ತಿದ್ದರು. ಗ್ಯಾರಂಟಿ ಯಾವುದಕ್ಕಿದೆ ಟೀಚರೇ ಎನ್ನುತ್ತಿದ್ದರು.

ಗ್ಯಾರಂಟಿ ಎಂದರೆ ನನಗೆ ನೆನಪಾಗುವುದು ನಮ್ಮಜ್ಜಿಯ ಹಿತ್ತಾಳೆ ಕೊಡ. ನಾನು ಚಿಕ್ಕವಳಿದ್ದಾಗ ಹೊಳಲ್ಕೆರೆಯ ನಮ್ಮ ಬೀದಿಗೆ ಬೆಸುಗೆ ಹಾಕುವ ಮುದುಕನೊಬ್ಬ ಬರುತ್ತಿದ್ದ. ಬೇವಿನ ಮರದ ಕೆಳಗೆ ಕುಳಿ ತೋಡಿ, ಇದ್ದಿಲು ಹಾಕಿ, ಚರ್ಮದ ತಿದಿ ಒತ್ತುತ್ತಿದ್ದ. ಕಾದ ತವರದ ವಾಸನೆ ಬೀದಿಗೆಲ್ಲ ಹರಡುತ್ತಿತ್ತು, ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಅಲ್ಲೇ ನಿಲ್ಲುತ್ತಿದ್ದೆವು. ಅಜ್ಜಿಯ ಕೊಡದ ತಳಕ್ಕೆ ಬೆಸುಗೆ ಹಾಕಿಕೊಟ್ಟು, “ನಾ ಇರೋಗಂಟ ಸೋರಲ್ಲ ತಾಯಿ, ಗ್ಯಾರಂಟಿ” ಎಂದಿದ್ದ. ಅಜ್ಜಿ ಅದನ್ನು ವರ್ಷಗಟ್ಟಲೆ ಬಳಸಿದರು. ಒಂದು ದಿನ ಅಡುಗೆಮನೆಯಲ್ಲಿ ತುಂಬಿಟ್ಟ ಕೊಡದ ಕೆಳಗೆ ನೀರು ಹರಿದಿತ್ತು. ಅಜ್ಜಿ ಬೈಯಲಿಲ್ಲ. ಕೊಡದ ಪಕ್ಕ ಕುಕ್ಕರಗಾಲಲ್ಲಿ ಕೂತು, “ಹೋದ ಅಂತ ಕಾಣ್ತದೆ, ಪಾಪ” ಎಂದರು. ಆ ವರ್ಷ ಬೀದಿಗೆ ಬಂದದ್ದು ಅವನ ಅಳಿಯ. ಮಾವ ತೀರಿಕೊಂಡ ಎಂದು ಹೇಳಿದ. ಯಾವಾಗ ಎಂದು ಅಜ್ಜಿ ಕೇಳಲಿಲ್ಲ. ಆ ಕೊಡಕ್ಕೆ ಮತ್ತೆ ಬೆಸುಗೆ ಹಾಕಿಸಲೂ ಇಲ್ಲ. ಹಿತ್ತಿಲಲ್ಲಿ ಮಣ್ಣು ತುಂಬಿ ತುಳಸಿ ನೆಟ್ಟರು. ಗ್ಯಾರಂಟಿ ಕೊಡುವುದೆಂದರೆ ತನ್ನ ಉಸಿರನ್ನು ಇನ್ನೊಂದಕ್ಕೆ ಕಟ್ಟುವುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಆಮೇಲೆ ಬಿ.ಎಸ್ಸಿ. ಓದಿದೆ, ನಂಬುವುದು ಬಿಟ್ಟೆ.

ಮೊದಲು ನೋಡಿದ್ದು ಸೆಕೆಂಡ್ ಹ್ಯಾಂಡ್ ಕಾರು. ಹಿರಿಯೂರಿನ ಹೆದ್ದಾರಿ ಪಕ್ಕ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡ ಒಬ್ಬರಿದ್ದಾರೆ. ಒಂದು ನೀಲಿ ಕಾರು ತೋರಿಸಿ, “ಸಿಂಗಲ್ ಓನರ್ ಮೇಡಂ, ಡಾಕ್ಟರ್ ಓಡಿಸಿದ ಗಾಡಿ” ಎಂದರು. ಈ ಜಿಲ್ಲೆಯಲ್ಲಿ ಮಾರಾಟಕ್ಕಿರುವ ಹಳೆಯ ಕಾರುಗಳನ್ನೆಲ್ಲ ಓಡಿಸಿದವರು ಡಾಕ್ಟರರೇ. ರೋಗಿಗಳನ್ನು ಅವರು ಯಾವಾಗ ನೋಡುತ್ತಿದ್ದರೋ ತಿಳಿಯದು. ಕಾರೇನೋ ಚೆನ್ನಾಗಿತ್ತು, ಬೆಲೆ ಇನ್ನೂ ಚೆನ್ನಾಗಿತ್ತು. ಇಷ್ಟು ಕಡಿಮೆ ಯಾಕೆ ಎಂದು ಇವರು ಕೇಳಿದರೆ, “ನಿಮ್ಮ ಮುಖ ನೋಡಿ ಸಾರ್” ಎಂದರು. ಇವರ ಮುಖ ಆಗ ಬೂದಿ ಬಣ್ಣಕ್ಕಿತ್ತು.

“ಒಂದು ರೌಂಡ್ ಹೋಗಿ ಬನ್ನಿ ಮೇಡಂ” ಎಂದು ಕೀ ಕೊಟ್ಟರು. ನೀವೂ ಬನ್ನಿ ಎಂದರೆ ಬರಲಿಲ್ಲ, ಗಿರಾಕಿ ಬರೋರಿದ್ದಾರೆ ಎಂದರು. ಆಸ್ಪತ್ರೆಯಿಂದ ವಾಪಸು ಬರುವಾಗ ಹಿಂದೆ ಒರಗಿಕೊಳ್ಳಲು ಜಾಗ ಸಾಕೋ ನೋಡೋಣವೆಂದು ಇವರು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತರು. ನಾನೊಬ್ಬಳೇ ಮುಂದೆ. ಧರ್ಮಪುರದ ರಸ್ತೆಗೆ ತಿರುಗಿಸಿದೆ. ಶೇಂಗಾ ಕಿತ್ತ ಹೊಲಗಳು ಎರಡೂ ಕಡೆ ಬೋಳಾಗಿ ಬಿದ್ದಿದ್ದವು, ನಡುಮಧ್ಯಾಹ್ನದ ಬಿಸಿಲು. ಊರು ದಾಟುತ್ತಿದ್ದಂತೆ ಕಾರು ಕೀಂ ಕೀಂ ಎಂದು ಹೊಡೆದುಕೊಳ್ಳತೊಡಗಿತು. ಮುಂದೆ ಒಂದು ಕೆಂಪು ದೀಪ. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎಂದು ಅದರ ಅರ್ಥ.

ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ನನ್ನ ಕೈಚೀಲ ಕೂಡ ಅಲ್ಲಿರಲಿಲ್ಲ.

“ಸೆನ್ಸರ್ ಕೆಟ್ಟಿರ್ತೈತೆ ಬಿಡೇ” ಎಂದರು ಇವರು. ಧ್ವನಿ ಮಾತ್ರ ಅಂಗಡಿಯಲ್ಲಿ ಗಿರಾಕಿಗೆ ಸುಳ್ಳು ಹೇಳುವಾಗಿನ ಧ್ವನಿ. ಸದ್ದು ನಿಲ್ಲಲಿಲ್ಲ, ಜೋರಾಗುತ್ತ ಹೋಯಿತು. ಹಿಂದಿನಿಂದ ಅತ್ತೆ ಬಹಳ ಸಹಜವಾಗಿ, “ಬೆಲ್ಟ್ ಹಾಕಮ್ಮ ಅದಕ್ಕೆ” ಎಂದರು. ನಾನು ಬದಿಗೆ ನಿಲ್ಲಿಸಿ, ಕೈ ಚಾಚಿ, ಖಾಲಿ ಸೀಟಿನ ಮೇಲಿನಿಂದ ಬೆಲ್ಟ್ ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು. ಆ ಬೆಲ್ಟು ಸೀಟಿಗೆ ಅಂಟಿಕೊಂಡು ಬಿದ್ದಿತ್ತೋ ಅಥವಾ ಯಾರದೋ ಎದೆಯ ಮೇಲಿದ್ದಂತೆ ಉಬ್ಬಿತ್ತೋ ನಾನು ನೋಡಲಿಲ್ಲ. ವಾಪಸು ಬರುವವರೆಗೂ ಎಡಗಡೆಗೆ ಕತ್ತು ತಿರುಗಿಸಲಿಲ್ಲ. ಎಡಗಡೆಯ ಕನ್ನಡಿಯನ್ನೂ ನೋಡದೆ ಹೆದ್ದಾರಿ ದಾಟಿದೆ. ಟ್ರಾಫಿಕ್ ನಿಯಮದ ಪ್ರಕಾರ ಅದು ದೊಡ್ಡ ತಪ್ಪು.

“ಹೆಂಗೈತ್ರಿ ಗಾಡಿ?” ಎಂದು ಕೇಳಿದ ಕಾರಿನವರಿಗೆ ಅತ್ತೆಯೇ ಉತ್ತರ ಕೊಟ್ಟರು.

“ಗಾಡಿ ಚೆಂದ ಐತೆ ಕಣಪ್ಪ. ಸೀಟು ಸಾಲಲ್ಲ. ನಾವು ಮೂರು ಜನ ಅದೀವಿ.”

ಐದು ಜನ ಕೂರುವ ಕಾರಿನ ಬಗ್ಗೆ ಆಡಿದ ಈ ಮಾತಿಗೆ ಅವರು ನಗಬೇಕಿತ್ತು. ನಗಲಿಲ್ಲ. ಕೀ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು, ಮತ್ತೆ ನಮಗೆ ಫೋನು ಮಾಡಲೂ ಇಲ್ಲ.

ಹಾಗಾಗಿ ಸಾಲವಾದರೂ ಆಗಲಿ, ಹೊಸದೇ ತೆಗೆದುಕೊಳ್ಳುವುದೆಂದು ದುರ್ಗದ ಶೋರೂಮಿಗೆ ಹೋದೆವು. ಟೈ ಕಟ್ಟಿದ ಯುವಕ ಬಂದು, “ಬನ್ನಿ ಸಾರ್, ಕೂತ್ಕೊಳಿ ಅಜ್ಜಿ” ಎಂದು ಉಪಚರಿಸಿದ. ಅತ್ತೆ ಕೂರಲಿಲ್ಲ. ಅಲ್ಲಿದ್ದ ಕಾರುಗಳ ಬೆನ್ನು ಸವರುತ್ತ ಸಾಲಿನ ಕೊನೆಯವರೆಗೂ ಹೋಗಿ ಬಂದರು. ಯುವಕ ವಾರಂಟಿ ವಿವರಿಸಿದ. ಮೂರು ವರ್ಷ ಕಂಪನಿಯದು. ಮೇಲೆ ದುಡ್ಡು ಕಟ್ಟಿದರೆ ಇನ್ನೆರಡು ವರ್ಷ. ಎಂಜಿನ್ನಿಗೆ ಬರುತ್ತದೆ, ಗೇರ್‌ಬಾಕ್ಸಿಗೆ ಬರುತ್ತದೆ. ಟೈರು, ಬ್ರೇಕು, ಕ್ಲಚ್ಚು ಮುಂತಾಗಿ ಸವೆಯುವಂಥವಕ್ಕೆ ಬರುವುದಿಲ್ಲ.

“ಸವೀದಿರೋದು ಏನೈತಪ್ಪ ಗಾಡಿಯಾಗೆ?” ಎಂದು ಇವರು ತಮ್ಮ ಕಸುಬಿನ ನಗೆ ನಕ್ಕರು.

“ಒಳಗೆ ಕುಂತೋರಿಗೆ ಬರ್ತೈತಾ?” ಎಂದು ಅತ್ತೆ ಕೇಳಿದರು.

“ಅದಕ್ಕೆ ಇನ್ಶೂರೆನ್ಸ್ ಬೇರೆ ಇದೆ ಅಜ್ಜಿ.”

“ಇನ್ಸೂರೆನ್ಸು ಹೋದ್‌ಮ್ಯಾಲೆ ಕೊಡೋದು. ನಾನು ಹೋಗದಿರಂಗೆ ಕೇಳ್ತಿರೋದು.”

ಯುವಕ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಆಮೇಲೆ ಅವನು ಮೂರು ವರ್ಷಕ್ಕೋ ಐದು ವರ್ಷಕ್ಕೋ ಎಂದು ಕೇಳಿದ. ಇವರು ಪೆನ್ನು ಹಿಡಿದುಕೊಂಡು, ನನ್ನ ಕಡೆ ನೋಡದೆ, ಮೆತ್ತಗೆ, “ಮೂರು ಸಾಕು ಬಿಡೇ” ಎಂದರು. ಶೋರೂಮಿನಲ್ಲಿ ಏರುದನಿಯಲ್ಲಿ ಮಾತಾಡಬಾರದೆಂಬ ತಿಳಿವಳಿಕೆ ನನಗಿದೆ. “ಐದು” ಎಂದು ನಾನು ಕೂಗಿದ್ದಕ್ಕೆ ಅಲ್ಲಿ ನೆಲ ಒರೆಸುತ್ತಿದ್ದವಳು ಕೂಡ ತಲೆಯೆತ್ತಿ ನೋಡಿದಳು. ಐದಕ್ಕೇ ಸಹಿಯಾಯಿತು.

ಇಷ್ಟಾದರೂ ಅತ್ತೆಗೆ ಸಮಾಧಾನವಿರಲಿಲ್ಲ. ಕಾಗದದಲ್ಲಿರುವುದು ಕಂಪನಿಯ ಮಾತು, ಕಾರಿನ ಮಾತಲ್ಲ ಎಂಬುದು ಅವರ ತಕರಾರು. ಇಲ್ಲಿ ಅವರ ಮನೆತನದ ಒಂದು ಪದ್ಧತಿಯನ್ನು ಹೇಳಬೇಕು. ಅವರಲ್ಲಿ ಕುರಿಯನ್ನು ಕೇಳದೆ ಏನೂ ಮಾಡುವುದಿಲ್ಲ. ಕೊಂಡು ತಂದ ಟಗರನ್ನು ಹಟ್ಟಿಗೆ ಸೇರಿಸುವ ಮುಂಚೆ ಅದರ ತಲೆಯಿಂದ ಬಾಲದವರೆಗೆ ಬೆನ್ನ ಮೇಲೆ ಅರಿಶಿನದ ತಣ್ಣೀರು ಹಾಕಿ ಕಾಯುತ್ತಾರೆ. ಅದು ಮೈ ಕೊಡವಿದರೆ ಒಪ್ಪಿಕೊಂಡಿತು ಎಂದರ್ಥ. ದೇವರಿಗೆ ಹರಕೆ ಕೊಡುವ ಕುರಿಗೂ ಹಾಗೆಯೇ ನೀರು ಹಾಕಿ ಕಾಯುತ್ತಾರೆ. ಕೊಡವಿದರೆ ಹೊರಡಲು ಒಪ್ಪಿಕೊಂಡಿತು ಎಂದರ್ಥ. ಬರುವುದಕ್ಕೂ ಅದೇ ನೀರು, ಹೋಗುವುದಕ್ಕೂ ಅದೇ ನೀರು. ಹರಕೆಗೆ ಒಪ್ಪಿದ ಕುರಿ ಸಂಜೆಗೆ ಇರುತ್ತಿರಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಮದುವೆಯಾದ ಹೊಸದರಲ್ಲಿ ಇದನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಿರಲಿಲ್ಲ. ಕುರಿ ಕೊಡವಲೊಲ್ಲದು. ಮನೆಮಂದಿಯೆಲ್ಲ ಕೈಮುಗಿದುಕೊಂಡು ಅದರ ಸುತ್ತ ನಿಂತಿದ್ದಾರೆ. ಏನೋ ತಪ್ಪಾಗಿದೆ, ಅದಕ್ಕೇ ಒಪ್ಪುತ್ತಿಲ್ಲ ಎಂದು ಒಬ್ಬೊಬ್ಬರಾಗಿ ತಮ್ಮ ತಪ್ಪುಗಳನ್ನು ಹೇಳಿಕೊಳ್ಳತೊಡಗಿದರು. ಸಣ್ಣ ಮಾವ ತಾವು ಕದ್ದು ಮಾರಿದ ಉಣ್ಣೆಯ ವಿಷಯ ಹೇಳಿಬಿಟ್ಟು, ಅಲ್ಲೇ ಜಗಳವಾಗಿ, ಕುರಿ ಗಾಬರಿಯಿಂದ ಮೈ ಕೊಡವಿತು. ಕಿವಿಯೊಳಗೆ ಒಂದು ಹನಿ ಬಿಟ್ಟರೆ ಯಾವ ಪ್ರಾಣಿಯಾದರೂ ಕೊಡವುತ್ತದೆ, ಅದು ನರಗಳ ಪ್ರತಿಕ್ರಿಯೆ ಎಂದು ನಾನು ಅತ್ತೆಗೆ ಪಾಠ ಮಾಡಿದ್ದೆ. “ಅದು ಮೋಸ ಕಣಮ್ಮ. ಮೋಸ ಮಾಡಿ ಒದರಿಸಿದ್ರೆ ಲೆಕ್ಕಕ್ಕಿಲ್ಲ” ಎಂದಿದ್ದರು. ಇನ್ನೊಂದು ನಿಯಮವನ್ನೂ ಹೇಳಿದ್ದರು. ನೀರು ಹಾಕುವಾಗ ಕುರಿಯನ್ನು ಯಾರೂ ಮುಟ್ಟಿರಬಾರದು. ಮುಟ್ಟಿದವರನ್ನೂ ಕೇಳಿದಂತಾಗುತ್ತದೆ.

ಹೊಸ ಕಾರಿನ ಮೊದಲ ಪಾಳಿ ದಿನ. ಬೆಳಕು ಆಗಷ್ಟೇ ಹರಿಯುತ್ತಿತ್ತು, ಮಾಗಿಯ ಚಳಿ. ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಶೋರೂಮಿನಲ್ಲೇ ಮುಗಿದಿತ್ತು. ಇವರು ಸ್ವೆಟರು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿಕೊಂಡಿದ್ದರು. ಹೊಸ ಕಾರಿನ ವಾಸನೆಗೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ನಾನು ಗೇಟು ತೆಗೆಯುತ್ತಿದ್ದೆ. ಆಗ ಅತ್ತೆ ಹಿತ್ತಿಲಿನಿಂದ ಅರಿಶಿನದ ನೀರು ತುಂಬಿದ ಬಿಂದಿಗೆ ಹಿಡಿದು ಬಂದರು, ಬಾಯಲ್ಲಿ ಏನೋ ಮಣಮಣ.

“ಅತ್ತೆ, ಬ್ಯಾಡ್ರಿ. ಹೊತ್ತಾಗ್ತದೆ.”

“ಒಂದು ಗಳಿಗೆ ಕಣಮ್ಮ. ನನ್ನ ನಾಯನನ್ನ ಹೊತ್ಕಂಡು ಹೋಗಿ, ಹೊತ್ಕಂಡು ಬರಾಕೆ ಒಪ್ಪೈತಾ ಕೇಳ್ತೀನಿ.” ಆಂಧ್ರದ ಗಡಿಯ ಕಡೆಯವರಾದ್ದರಿಂದ ಮಗನನ್ನು ಅವರು ನಾಯನ ಎಂದೇ ಕರೆಯುವುದು.

ಬಾನೆಟ್ಟಿನ ಮೇಲೆ ನೀರು ಹಾಕಿದರು. ಆಮೇಲೆ ಬೆನ್ನಿನುದ್ದಕ್ಕೂ ಹಾಕಬೇಕಲ್ಲ, ಚಾವಣಿಗೆ ಎರಚಿದರು. ಕಾರು ಎತ್ತರ, ಅತ್ತೆ ಗಿಡ್ಡ. ಚಾವಣಿಗೆ ಎರಚಿದ ನೀರಿನಲ್ಲಿ ಅರ್ಧ ಕಿಟಕಿಯೊಳಗೆ ಹೋಯಿತು. ಇವರ ತಲೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು.

ಇವರು ಮೈ ಕೊಡವಿದರು.

ಚಳಿಗೆ ನಡುಗುವುದು ಬೇರೆ, ಇದು ಬೇರೆ. ತಲೆಯಿಂದ ಶುರುವಾಗಿ ಹೆಗಲು, ಬೆನ್ನು, ಸೊಂಟದವರೆಗೆ ಒಂದೇ ಸಲ ಇಡೀ ಮೈ ಒದರಿತು. ಅದನ್ನು ನಾನು ಎಲ್ಲಿ ನೋಡಿದ್ದೇನೆಂದು ನನಗೆ ಗೊತ್ತಿತ್ತು. ಕಾರು ಸುಮ್ಮನೆ ನಿಂತಿತ್ತು.

“ಥೂ ಅವ್ವ! ಮಂಜಿನ ನೀರಿದ್ದಂಗೈತೆ” ಎಂದು ಇವರು ನಕ್ಕು ಮುಖ ಒರೆಸಿಕೊಂಡರು. ಅತ್ತೆ ನಗಲಿಲ್ಲ. ಮಗ ಒಳಗೆ ಕೂತಿದ್ದಾನೆ, ಕಾರನ್ನು ಮುಟ್ಟಿಕೊಂಡೇ ಕೂತಿದ್ದಾನೆ ಎಂಬುದು ಆಗ ಅವರಿಗೆ ಹೊಳೆಯಿತೆಂದು ಕಾಣುತ್ತದೆ. ಮುಖ ಹೇಗಾಯಿತೆಂದರೆ, ನಾನು ಓಡಿ ಹೋಗಿ ಅವರ ತೋಳು ಹಿಡಿದುಕೊಂಡೆ. ರಕ್ತ ಕಡಿಮೆ ಇರುವವರಿಗೆ ಚಳಿ ಜಾಸ್ತಿ, ಹೀಮೋಗ್ಲೋಬಿನ್ ಇಳಿದಿದೆಯಲ್ಲ, ಅಷ್ಟೇ ಎಂದೆ. ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಅತ್ತೆ ನನ್ನ ಕೈ ಬಿಡಿಸಿಕೊಂಡರು. ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನೆಲ್ಲ ಎತ್ತಿ ತಮ್ಮ ತಲೆಯ ಮೇಲೆ ಸುರಿದುಕೊಂಡರು. ಸೀರೆ, ಕಂಬಳಿ ಎಲ್ಲ ತೊಯ್ದು ಮೈಗೆ ಅಂಟಿತು. ಒಂದು ಕೈಯನ್ನು ಕಾರಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು, ಅಲ್ಲಾಡದೆ ನಿಂತರು. ಮಗನ ಬದಲು ತಮ್ಮ ಮೈ ಕೊಡವಲೆಂದು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಏನೂ ಆಗಲಿಲ್ಲ. ಮಳೆಯಲ್ಲಿ, ಇಬ್ಬನಿಯಲ್ಲಿ, ಕುರಿಯ ಜೊತೆ ಬಯಲಿನಲ್ಲಿ ಬಾಳಿದ ಮೈ ಅದು, ಒಂದು ಬಿಂದಿಗೆ ನೀರಿಗೆ ಜಗ್ಗಲಿಲ್ಲ.

“ಏನವ್ವ ನಿಂದು ಹುಚ್ಚು! ಬಟ್ಟೆ ಬದಲಾಯಿಸ್ಕ ಹೋಗು” ಎಂದು ಇವರು ಒಳಗಿನಿಂದ ರೇಗಿದರು.

“ಹೊತ್ತಾಗ್ತೈತೆ. ಹೋಗಾಣ ನಡಿಯಮ್ಮ” ಎಂದು ಅತ್ತೆ ಒದ್ದೆಯಲ್ಲೇ ಹಿಂದಿನ ಸೀಟು ಹತ್ತಿ ಕೂತರು. ನಾನು ಕೊಟ್ಟ ಟವೆಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡರು, ಒರೆಸಿಕೊಳ್ಳಲಿಲ್ಲ.

ಹೊಳಲ್ಕೆರೆ ದಾಟಿದೆವು. ಕಾರು ಚೆನ್ನಾಗಿಯೇ ಓಡುತ್ತಿತ್ತು, ಹಳೆಯದು ನಿಂತ ಜಾಗವನ್ನೂ ದಾಟಿತು. ಹಿಂದೆ ಕಿಟಕಿ ಇಳಿಯುವ ಸದ್ದು ಕೇಳಿಸಿತು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಕಿಟಕಿಯನ್ನು ಪೂರ್ತಿ ಇಳಿಸಿ, ಮಂಜಿನ ಗಾಳಿಗೆ ಮುಖವೊಡ್ಡಿ, ಒದ್ದೆ ಸೆರಗನ್ನು ಹೆಗಲಿನಿಂದ ಜಾರಿಸಿ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವರ ಗದ್ದ ಅಲುಗಿತು. ಆಮೇಲೆ ಹೆಗಲು. ಆಮೇಲೆ ಇಡೀ ಮೈ ಒದರಿತು, ಸೀಟು ಕಿರುಗುಟ್ಟುವಷ್ಟು. ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿ, ನೋಡಿದೆಯಾ ಎನ್ನುವಂತೆ ಅವರು ನಕ್ಕರು. ನನಗೆ ಭಯವಾಯಿತು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಸಮಾಧಾನವೂ ಆಯಿತು.

ಇವರು ಹಿಂದಿರುಗಿ ನೋಡಿ ಗಾಬರಿಯಾದರು.

“ಅವ್ವ ನಡುಗ್ತಾ ಐತಲ್ಲೇ! ಹೀಟರ್ ಹಾಕು, ಕಿಟಕಿ ಏರಿಸು.”

ನಾನು ಗುಂಡಿಯ ಕಡೆ ಕೈ ಚಾಚಿದೆ. ಕನ್ನಡಿಯಲ್ಲಿ ಅತ್ತೆ ತಲೆಯಾಡಿಸಿದರು, ಬೇಡ ಎಂದು. ಕೈ ಹಿಂದಕ್ಕೆ ತೆಗೆದುಕೊಂಡೆ.

“ಹೀಟರ್ ಕೆಲ್ಸ ಮಾಡ್ತಿಲ್ಲ ಕಣ್ರೀ” ಎಂದೆ.

“ನಿನ್ನೆ ತಂದ ಗಾಡಿ, ಇವತ್ತಿಗೇ ಕೆಡ್ತಾ?” ಎಂದು ಇವರು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. “ಇರ್ಲಿ ಬಿಡು. ವಾರಂಟಿ ಐತಲ್ಲ, ತೋರ್ಸಾಣ.”

“ತೋರ್ಸಾಣ” ಎಂದೆ. ಹಿಂದೆ ಅತ್ತೆಯ ಹಲ್ಲು ಕಟಕಟ ಎನ್ನುತ್ತಲೇ ಇತ್ತು. ನಾನು ಕಾರನ್ನು ಇನ್ನೂ ಸ್ವಲ್ಪ ಜೋರಾಗಿ ಓಡಿಸಿದೆ.